ಪೂಜೆಗೆ ಇಟ್ಟ ನೀರು

ಅಂದು ಬೆಳಿಗ್ಗೆಯೂ ಎಂದಿನಂತೆ ಬಾಗಿಲು ಸಾರಿಸಿ, ರಂಗೋಲಿ ಎಳೆದು, ಹಾಲು ಕಾಯಿಸಿದೆ. ಅತ್ತೆಯ ಲಿಂಗಪೂಜೆಗೆ ತಾಮ್ರದ ಚೊಂಬಿನಲ್ಲಿ ನೀರು ತುಂಬಿ, ಪಕ್ಕದಲ್ಲಿ ವಿಭೂತಿ, ಬಿಲ್ವಪತ್ರೆ ಇಟ್ಟೆ. ಕಾನ್ವೆಂಟಿನಲ್ಲಿ ಓದಿದ್ದ ನಾನು ಮದುವೆಯಾಗಿ ತಿ. ನರಸೀಪುರದಿಂದ ನಂಜನಗೂಡಿಗೆ ಬಂದಾಗ ಮೊದಲು ನನಗೆ ಒಪ್ಪಿಸಿದ ಕೆಲಸ ಇದು. ಅತ್ತೆ ಚೊಂಬಿನೊಳಗೆ ಇಣುಕಿದರು. ಹಿತ್ತಲಿಗೆ ಹೋಗಿ ಆ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ನಲ್ಲಿಯಲ್ಲಿ ತಾವೇ ಹಿಡಿದುಕೊಂಡು ಬಂದರು. ಸೆರಗಿನಿಂದ ಒರೆಸಿದ್ದು ನನ್ನ ಬೆರಳು ತಾಗಿದ್ದ ಅಂಚನ್ನೇ.

ಉಬ್ಬಸಕ್ಕೆಂದು ಅತ್ತೆಗೆ ಸ್ಟೀರಾಯ್ಡ್ ಮಾತ್ರೆ ಹೆಚ್ಚಿಸಿದ ಮೇಲೆ ಹೀಗಾಗಿತ್ತು. ಮುಖ ಊದಿಕೊಂಡಿತ್ತು, ನಿದ್ದೆಯಿಲ್ಲ. ನಾನು ನೀರಿಗೆ ಏನೋ ಬೆರೆಸುತ್ತೇನೆ ಎಂದು ನನ್ನೆದುರಿಗೇ ಅನ್ನುತ್ತಿದ್ದರು.

ಅಷ್ಟರಲ್ಲಿ ಮೈಸೂರಿನಿಂದ ನಾದಿನಿ ಬಂದಳು. ಔಷಧಿ, ಹಾರ್ಮೋನುಗಳು ಮಿದುಳಿಗೆ ಏನು ಮಾಡುತ್ತವೆ ಎಂದು ಇಲಿಗಳ ಮೇಲೆ ಸಂಶೋಧನೆ ನಡೆಸುವವಳು. ಮಗಳ ಕೈಯಿಂದ ಅತ್ತೆ ಇಡ್ಲಿ ತಿಂದರು. ಆಮೇಲೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಅವಳು ಮೆಲ್ಲಗೆ ಹೇಳಿದಳು:

“ಅದು ಅವ್ವನ ಮಾತಲ್ಲ ಅತ್ತಿಗೆ, ಮಾತ್ರೆ ಆಡಿಸ್ತಿರೋದು. ಈ ಮಾತ್ರೇಲಿರೋ ಥರದ ಹಾರ್ಮೋನು ಜಾಸ್ತಿ ಕೊಟ್ರೆ ನಮ್ಮಿಲಿಗಳೂ ಅಷ್ಟೇ. ದಿನಾ ಕಾಳು ಹಾಕೋ ನನ್ನ ಕೈ ಕಂಡ್ರೇ ಮೂಲೆ ಸೇರ್ಕೋತವೆ.”

“ಅತ್ತೇನ ಇಲಿ ಮಾಡ್ಬಿಟ್ಯಲ್ಲೇ.”

ಇಬ್ಬರೂ ನಕ್ಕೆವು. ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತಾರಾ ಎಂದೆ.

“ಒಂದೇ ಸಲ ನಿಲ್ಲಿಸೋ ಹಾಗಿಲ್ಲ. ಡಾಕ್ಟರು ಸ್ವಲ್ಪಸ್ವಲ್ಪ ಇಳಿಸ್ತಾರೆ. ಮೊದಲಿನ ಅವ್ವ ಸಿಕ್ತಾಳೆ, ನೋಡ್ತಿರಿ.”

ಮೊದಲಿನ ಅತ್ತೆ. ನಾನಿಟ್ಟ ನೀರನ್ನು ಏನೂ ಅನ್ನದೆ ಎತ್ತಿಕೊಂಡು ಪೂಜೆಗೆ ಕೂರುತ್ತಿದ್ದವರು. ಅಷ್ಟು ಸಿಕ್ಕರೆ ಸಾಕಾಗಿತ್ತು ನನಗೆ. ನಾದಿನಿ ಬಸ್ಸು ಹತ್ತಿದ ಮೇಲೆ ಹುಣಸೆಹಣ್ಣು ಹಾಕಿ ಚೊಂಬನ್ನು ಫಳಫಳ ಬೆಳಗಿಟ್ಟೆ.

ಸಂಜೆ ಪಕ್ಕದ ಮನೆಯ, ಹೆಡತಲೆ ಊರಿನ ಅಜ್ಜಿ ಕರಿಬೇವಿಗೆ ಬಂದರು. ಅತ್ತೆಯ ಹಳೆಯ ಗೆಳತಿ. ಮಾತ್ರೆ ಇಳಿಸಿದರೆ ಅತ್ತೆ ಮೊದಲಿನಂತಾಗುತ್ತಾರಂತೆ ಎಂದು ಹೇಳಿಕೊಂಡೆ. ಅಜ್ಜಿ ಕಡ್ಡಿಯಿಂದ ಎಲೆ ಬಿಡಿಸುತ್ತಲೇ ಅಂದರು:

“ಮಾತ್ರೆ ಏನ್ ಮಾಡೀತು ಬುಡವ್ವ. ನೀನು ಒಸದಾಗಿ ಬಂದಾಗಿಂದ್ಲೂ ನಿಮ್ಮತ್ತೆ ನಮ್ಮ ಜಗಲಿ ಮ್ಯಾಲೆ ಕೂತ್ಕಂಡು, ‘ಕಾನ್ವೆಂಟ್ ಉಡ್ಗಿ ಕೈನೀರ ನಂಬಂಗಿಲ್ಲ’ ಅಂತಿದ್ರು. ಆಗ ನಿನ್ನೆದ್ರಿಗೆ ಅಂತಿರ್ಲಿಲ್ಲ, ಈಗ ಅಂತಾವ್ರೆ, ಅಷ್ಟೇಯ.”