ಗೂಟ ಹೊಡೆಯುವ ಜಾಗ

ಮುದ್ದೇಬಿಹಾಳದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನನ್ನು ಕಾಡು ಅಳೆಯುವ ತಂಡಕ್ಕೆ ಸೇರಿಸಿಕೊಂಡಾಗ ಖುಷಿಪಟ್ಟಿದ್ದೆ. ಖುಷಿಯಂತೆ, ಮಣ್ಣು!

ನಮ್ಮ ಕಡೆ ಕಾಡೆಂದರೆ ಗುಡ್ಡದ ಮೇಲಿನ ಕುರುಚಲು. ಕಾರಿ, ಕವಳಿ, ಜಾಲಿ, ಅಲ್ಲೊಂದು ಇಲ್ಲೊಂದು ಬೇವು. ಬೇರೆಯವರ ಕಣ್ಣಿಗೆ ಅದು ಕಾಡೇ ಅಲ್ಲ. ಆದರೆ ಮಳೆನೀರು ಹಿಡಿದು ಗುಡ್ಡದ ಬುಡದ ಬಾವಿಗೆ ಇಳಿಸುತ್ತಿದ್ದುದು ಅದೇ ಕುರುಚಲು. ಈಗ ರಸ್ತೆ ಕೆಲಸಕ್ಕೆಂದು ಯಂತ್ರ ಹಚ್ಚಿ, ಗರಸುಮಣ್ಣು ಅಗೆದು, ಗುಡ್ಡದ ಒಂದು ಮಗ್ಗುಲನ್ನೇ ಬೋಳು ಮಾಡಿದ್ದಾರೆ. ಬಾವಿ ಹೋಳಿಹುಣ್ಣಿಮೆಗೇ ತಳ ಕಾಣುತ್ತದೆ. ಆ ಬಾವಿ ನಂಬಿ ಕುರಿ ಸಾಕಿದ ಮುದುಕಿಯೊಬ್ಬಳು ಅಲ್ಲಿದ್ದಾಳೆ. ಕಾಡು ಹಾಳಾದದ್ದು ನಮ್ಮ ತಂಡದ ವರದಿಯಲ್ಲಿ ಬಂದರೆ ಅಗೆಯುವುದು ನಿಲ್ಲುತ್ತದೆಂದು ನಾನೇ ಅವಳಿಗೆ ಹೇಳಿದ್ದೆ.

ಅಳೆಯುವ ಜಾಗವನ್ನು ಕಂಪ್ಯೂಟರು ಆರಿಸಿ ಕೊಡುತ್ತದೆ. ನಾವು ಅಲ್ಲಿ ಗೂಟ ಹೊಡೆದು, ಸುತ್ತ ಟೇಪು ಹಿಡಿದು, ಇರುವ ಗಿಡ ಎಣಿಸಬೇಕು. ಆ ದಿನ ಕಂಪ್ಯೂಟರಿನ ಗುರುತು ಸರಿಯಾಗಿ ಗರಸಿನ ಗುಂಡಿಯೊಳಗೇ ಬಿತ್ತು. ಹಾಳಾದದ್ದು ಲೆಕ್ಕಕ್ಕೆ ಬರುತ್ತದೆಂದು ನನಗೆ ಸಮಾಧಾನವಾಯಿತು. ತಂಡದ ಸಾಹೇಬರು ಮಾತ್ರ ಬಿಸಿಲಿಗೆ ಮುಖ ಸಿಂಡರಿಸಿ, ಅಲ್ಲೇ ಹತ್ತಿರವಿದ್ದ ಗುಡಿಯೊಂದರ ಹಿಂದಿನ ಬೇವಿನ ತೋಪು ತೋರಿಸಿದರು.

"ಗೂಟ ಅಲ್ಲಿ ಹೊಡೀರಿ. ನೆರಳೂ ಐತಿ, ಗಿಡಾನೂ ಅದಾವು."

ತಂಡದ ಹುಡುಗರು ಅಲ್ಲೇ ಹೊಡೆದರು. ಕಣ್ಣಿಗೆ ಮಣ್ಣೆರಚುವುದಕ್ಕೆ ಇವರಿಗೆ ಟೇಪು ಬೇರೆ ಬೇಕು!

ಬೇವಿನ ಕೆಳಗೆ ಊಟವಾಯಿತು. ಬಂದವರಿಗೆಂದು ಮುದುಕಿ ಒಂದು ಕೊಡ ನೀರು ಹೊತ್ತು ತಂದಳು. ಬಾವಿಯ ತಳದ ನೀರು, ಕೆಂಪಗಿತ್ತು. ಸಾಹೇಬರು ಅದನ್ನು ಕುಡಿಯಲಿಲ್ಲ. ಎಣ್ಣೆಗೈ ತೊಳೆದರು, ಬಾಯಿ ಮುಕ್ಕಳಿಸಿ ಗಿಡದ ಬುಡಕ್ಕೆ ಉಗುಳಿದರು, ಉಳಿದದ್ದನ್ನು ಧೂಳಾದ ಬೂಟಿನ ಮೇಲೆ ಸುರಿದುಕೊಂಡರು. ಕುರಿಗಳು ನೋಡುತ್ತ ನಿಂತಿದ್ದವು. ಅಷ್ಟು ಹೇಸಿಗೆ ನನಗೆ ಯಾವ ಗಟಾರು ನೋಡಿಯೂ ಆಗಿಲ್ಲ.

"ಅಳದ್ರೇನ್ರಿ ಅಕ್ಕೋರ? ಇನ್ನ ಅಗಿಯೂದು ನಿಲ್ಲತೈತಿ, ಹೌದಲ್ರಿ?" ಮುದುಕಿ ನನ್ನನ್ನು ಕೇಳಿದಳು.

ನಾನೆದ್ದು ಬೇವಿನ ಬುಡದ ಗೂಟ ಕಿತ್ತೆ. ಗುಂಡಿಗಿಳಿದು ಗುರುತಿದ್ದಲ್ಲೇ ಹೊಡೆದೆ.

"ಮೇಡಮ್ಮಾರ, ಅಲ್ಲಿ ಏನೈತಂತ ಅಳೀತೀರಿ?" ಸಾಹೇಬರು ಮೇಲಿನಿಂದ ಕೂಗಿದರು.

"ಏನೂ ಇಲ್ರಿ. ಅದನ್ನ ಬರಕೋರಿ."

ಅವರು ಹೋಗಿ ಜೀಪಿನಲ್ಲಿ ಕೂತರು. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಗುಂಡಿಗೆ ಇಳಿಯಲಿಲ್ಲ. ಮುದುಕಿ ಬರಿಗೊಡ ಕೆಳಗಿಟ್ಟು ಬಂದು ಹಿಡಿದಳು.