ನಾಲ್ಕನೇ ಪ್ಯಾರಾದ ಎಡಗೈ

ದನದ ಆಸ್ಪತ್ರೆಯ ಎದುರು ಬೀದಿಯಲ್ಲಿ ಎರಡೇ ಕುರ್ಚಿಯ ಒಂದು ಕಟಿಂಗ್ ಶಾಪ್ ಇತ್ತು. ಅದರ ಯಜಮಾನ ಇಪ್ಪತ್ತಾರು ವರ್ಷದಿಂದ ಜನರ ತಲೆಗೆ ಕತ್ತರಿ ಹಾಕುತ್ತ, ಕಿವಿಗೆ ಮಾತು ಸುರಿಯುತ್ತ ಬಂದವನು. ಕತ್ತರಿ ಒಂದು ಸಲ ಆಡಿದರೆ ನಾಲಿಗೆ ಮೂರು ಸಲ ಆಡುತ್ತಿತ್ತು. ಅಂಥವನನ್ನೂ ಮಾತಿನಲ್ಲಿ ಮಣಿಸುವ ಜೀವ ಒಂದೇ ಒಂದು: ಅವನ ಮಗಳು. ಸ್ನಾನಕ್ಕೆ ಹೋಗು ಅಂದರೆ ‘ಯಾವ ಆಧಾರದ ಮೇಲೆ?’ ಎಂದು ಕೇಳುವ ಹುಡುಗಿ. ಗಿರಾಕಿಗಳೆಲ್ಲ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು.

ಪಿಯುಸಿಯ ಎರಡನೇ ವರ್ಷದಲ್ಲಿ ಒಂದು ಸಂಜೆ ಈ ಲಾಯರಮ್ಮ ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿದಳು. ಹಿಂದೆಯೇ ಅವಳ ಗೆಳತಿ. ಈಕೆ ಮಾತಾಡಿದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ತರಗತಿಯಲ್ಲಿ ಅವಳಿಗೆ ಪಿಸುಮಾತು ಎಂದೇ ಅಡ್ಡಹೆಸರು.

“ಅಪ್ಪಾ, ಇತಿಹಾಸದ ಮೇಡಂ ನಮ್ಮಿಬ್ರನ್ನೂ ಆರಿಸಿದಾರೆ! ಯೂನಿವರ್ಸಿಟಿಯಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆ. ಗೆದ್ದ ಜೋಡಿಗೆ ಐದು ವರ್ಷದ ಕಾನೂನು ಓದು ಪೂರ್ತಿ ಉಚಿತ!”

ಅಪ್ಪನ ಕೈಯಲ್ಲಿದ್ದ ಬಾಚಣಿಗೆ ಗಿರಾಕಿಯ ತಲೆಯ ಮೇಲೆಯೇ ನಿಂತಿತು. “ಪೂರ್ತಿ ಅಂದ್ರೆ? ಪರೀಕ್ಷೆ ಫೀಸೂನಾ?”

“ಅದೂನೂ.”

“ಲೈಬ್ರರಿ?”

“ಅದೂನೂ ಅಪ್ಪಾ!”

ಅಣಕು ನ್ಯಾಯಾಲಯ ಎಂದರೆ ಕಟ್ಟುಕತೆಯ ಒಂದು ಮೊಕದ್ದಮೆಯನ್ನು ನಿಜವೆಂದೇ ತಿಳಿದು ವಾದಿಸುವುದು. ಎರಡು ಹಾಳೆಯ ಕತೆ ಕೊಡುತ್ತಾರೆ. ಅದರಲ್ಲಿ ಇರುವುದನ್ನಷ್ಟೇ ಹಿಡಿದು ಮಾತಾಡಬೇಕು. ಹೊರಗಿನ ಸಾಕ್ಷಿ ಇಲ್ಲ, ಸಲ್ಲದ ಊಹೆ ಇಲ್ಲ. ಈ ವರ್ಷದ ಕತೆಯನ್ನು ಮಗಳು ಓದತೊಡಗಿದಾಗ ಅಪ್ಪ ಖುಷಿಯಿಂದ ಕುಣಿಯುವುದೊಂದು ಬಾಕಿ. ಏಕೆಂದರೆ ಅದು ಒಬ್ಬ ಕಟಿಂಗ್ ಶಾಪಿನವನ ಕತೆ! ಒಬ್ಬ ನಾಟಕದ ನಟ, ಭುಜ ಮುಟ್ಟುವ ಕೂದಲಿನವನು, ತುದಿ ಸರಿಮಾಡಿಸಿಕೊಳ್ಳಲು ಬಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ಅಂಗಡಿಯವನು ‘ಪೂರ್ತಿ ತೆಗೆಯಲೇ?’ ಎಂದು ಕೇಳುತ್ತಾನೆ. ನಟನ ತಲೆ ಮೇಲೆ ಕೆಳಗೆ ಆಡುತ್ತದೆ. ಕಣ್ಣು ಬಿಟ್ಟಾಗ ತಲೆ ನುಣ್ಣಗೆ, ರಾಜನ ಪಾತ್ರ ಇನ್ನೊಬ್ಬನಿಗೆ. ತಲೆಯಾಡಿಸಿದ್ದು ಒಪ್ಪಿಗೆಯೋ ಅಲ್ಲವೋ, ಇದೇ ಪ್ರಶ್ನೆ.

“ನಮ್ಮವನ ಪರ ಜೋರಾಗಿ ವಾದ ಮಾಡು, ಮಗಳೇ! ಏನ್ ಬೇಕೋ ಕೇಳು, ನಾನು ಹೇಳ್ತೀನಿ.”

ಮಗಳು ಹಾಳೆ ಮಡಿಚಿದಳು. “ಚೀಟಿಯಲ್ಲಿ ನಮಗೆ ಬಂದಿರೋದು ನಟನ ಕಡೆ ಅಪ್ಪಾ.”

ಅಪ್ಪನ ಮುಖ ಸೋಪಿನ ನೊರೆಯಂತೆ ಬೆಳ್ಳಗಾಯಿತು. “ಅಂದ್ರೆ ನೀನು... ಕತ್ತರಿಯ ವಿರುದ್ಧ?” ಅಷ್ಟು ಹೇಳಿ ಅವನು ಬಾಯಿ ಮುಚ್ಚಿದ. ಆಮೇಲೆ ಮಾರನೆಯ ಮಧ್ಯಾಹ್ನದವರೆಗೆ ಮಾತೇ ಇಲ್ಲ. ಹೆಂಡತಿ ಹೆದರಿ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಬಂದಿದೆಯೋ ಎಂದು.

ಆದರೂ ಅಪ್ಪನ ಕರುಳು. ಅಂಗಡಿಗೆ ರಜೆಯ ಮಂಗಳವಾರ ಅಭ್ಯಾಸಕ್ಕೆ ಜಾಗ ಬಿಟ್ಟುಕೊಟ್ಟ. ನ್ಯಾಯಾಧೀಶರ ಕೆಲಸಕ್ಕೆ ಒಬ್ಬ ಹಳೆಯ ಗಿರಾಕಿ ಒಪ್ಪಿಕೊಂಡರು. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ತಲೆಯಲ್ಲಿ ಹನ್ನೊಂದು ಕೂದಲಿದ್ದರೂ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕಟಿಂಗ್‌ಗೆ ಬರುವವರು. ತಿರುಗುವ ಕುರ್ಚಿಯಲ್ಲಿ ಕೂತು, ಬಿಳಿ ಬಟ್ಟೆಯನ್ನೇ ಗೌನಿನಂತೆ ಹೊದ್ದು, ಅವರು ಹುಡುಗಿಯರನ್ನು ಕಾಡಿದ್ದೇ ಕಾಡಿದ್ದು.

“ಕೇಳಿದ, ತಲೆಯಾಡಿಸಿದ, ಬೋಳಿಸಿದ. ಇದರಲ್ಲಿ ತಪ್ಪೇನಮ್ಮಾ?”

ಲಾಯರಮ್ಮ ಹತ್ತು ಉತ್ತರ ಕೊಟ್ಟಳು. ಒಂದೂ ನಿಲ್ಲಲಿಲ್ಲ. ಪಿಸುಮಾತು ಏನೋ ಅಂದಳು, ಯಾರಿಗೂ ಕೇಳಿಸಲಿಲ್ಲ. ಮೂಲೆಯಲ್ಲಿ ಮುನಿಸಿಕೊಂಡು ಕತ್ತರಿ ಮಸೆಯುತ್ತಿದ್ದ ಅಪ್ಪ ತಡೆಯಲಾರದೆ ಹಾಳೆ ಕಿತ್ತುಕೊಂಡ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು, ಬೆರಳಿಟ್ಟು ಒಂದೊಂದೇ ಸಾಲು ಓದಿದ. ನಾಲ್ಕನೇ ಪ್ಯಾರಾಕ್ಕೆ ಬಂದಾಗ ಬೆರಳು ನಿಂತಿತು.

“‘ಎಡಗೈಯಲ್ಲಿ ಗಿರಾಕಿಯ ಗದ್ದ ಎತ್ತಿ ಹಿಡಿದುಕೊಂಡೇ ಅವನು ಕೇಳಿದನು.’ ಲೇ, ಇಲ್ನೋಡ್ರೇ! ಎಚ್ಚರ ಇರೋನ ಗದ್ದ ಯಾಕೆ ಹಿಡೀತಾನೆ? ತೂಕಡಿಸಿ ತಲೆ ಬೀಳ್ತಿದೆ, ಅದಕ್ಕೇ ಹಿಡಿದಿದಾನೆ. ನಿದ್ದೆಯ ತಲೆ ಎಷ್ಟು ಭಾರ ಗೊತ್ತಾ? ಕಲ್ಲಂಗಡಿ ಹಣ್ಣಿನ ಹಾಗೆ! ಕೈ ತಾನಾಗೇ ಕುಸಿಯುತ್ತೆ, ಮತ್ತೆ ಎತ್ತಬೇಕು. ತಲೆ ಆಡಿದ್ದಲ್ಲ, ಕೈ ಆಡಿದ್ದು! ಕೇಳಿದೋನೂ ಅವನೇ, ಒಪ್ಪಿದೋನೂ ಅವನೇ!”

ಪಿಸುಮಾತು ಆ ಸಾಲಿನ ಕೆಳಗೆ ಗೆರೆ ಎಳೆದಳು. ಆಮೇಲೆ ಗುಮಾಸ್ತರು ಕುರ್ಚಿಯಲ್ಲಿ ಗಿರ್ರೆಂದು ಒಂದು ಸುತ್ತು ತಿರುಗಿ, “ತೀರ್ಪು ನಟನ ಕಡೆಗೆ!” ಎಂದು ಕೂಗಿದರು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿ ಕುಪ್ಪಳಿಸಿದರು. ಅಪ್ಪನೂ ಕುಪ್ಪಳಿಸಿದ, ತನ್ನ ಕಸುಬಿನವನನ್ನೇ ಕಟಕಟೆಗೆ ಹತ್ತಿಸಿದ್ದು ಮರೆತು.

ಸ್ಪರ್ಧೆಯ ದಿನ ಮೇಡಂ ಮುಂದೆ, ಹುಡುಗಿಯರು ನಡುವೆ, ಇಸ್ತ್ರಿ ಅಂಗಿಯ ಅಪ್ಪ ಹಿಂದೆ. ಯೂನಿವರ್ಸಿಟಿಯ ಸಭಾಂಗಣದ ಮೆಟ್ಟಿಲು ಎಷ್ಟು ನುಣುಪಾಗಿತ್ತೆಂದರೆ ಅವನು ಎರಡು ಸಲ ಜಾರಿ, ಎರಡು ಸಲವೂ ಯಾರಿಗೋ ನಮಸ್ಕಾರ ಮಾಡುವವನಂತೆ ಸಾವರಿಸಿಕೊಂಡ. ಮೂರು ಸುತ್ತು ಕಳೆದು ಫೈನಲ್ ಬಂತು. ಪೀಠದಲ್ಲಿ ಮೂವರು, ನಡುವೆ ಕನ್ನಡಕದ ಹಿರಿಯ ನ್ಯಾಯಾಧೀಶೆ. ಎದುರಾಳಿ ಹುಡುಗ ಟೈ ಸರಿಮಾಡಿಕೊಂಡು, “ತಲೆಯಾಡಿಸುವುದು ಒಪ್ಪಿಗೆಯಲ್ಲದೆ ಮತ್ತೇನು, ಮಹಾಸ್ವಾಮಿ?” ಎಂದು ಗುಡುಗಿ ಕೂತ.

ಉತ್ತರ ಪಿಸುಮಾತಿನ ಪಾಲಿನದು. ಅವಳು ಎದ್ದು ನಿಂತು ತನ್ನ ಎಂದಿನ ದನಿಯಲ್ಲೇ ಶುರುಮಾಡಿದಳು. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಪೀಠದ ಮೂವರೂ ಮೇಜಿನ ಮೇಲೆ ಬಾಗಿದರು. ಯಾರೋ ಎದ್ದು ಫ್ಯಾನು ಆರಿಸಿದರು.

“ನಾಲ್ಕನೇ ಪ್ಯಾರಾ ನೋಡಬೇಕು, ಮಹಾಸ್ವಾಮಿ. ಗದ್ದ ಯಾರ ಕೈಯಲ್ಲಿತ್ತು?”

ನ್ಯಾಯಾಧೀಶೆ ಹಾಳೆ ತಿರುವಿದರು. ಓದಿದರು. ಕನ್ನಡಕ ತೆಗೆದರು. “ಹಾಗಾದರೆ ತಲೆಯಾಡಿಸಿದ್ದು...?”

“ಪ್ರತಿವಾದಿಯ ಎಡಗೈ, ಮಹಾಸ್ವಾಮಿ.”

“ಹೌದು ಸ್ವಾಮೀ! ಕಲ್ಲಂಗಡಿ ಭಾರ ಇರುತ್ತೆ!”

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಕೊನೆಯ ಸಾಲಿನಲ್ಲಿ ಅಪ್ಪ ಎದ್ದು ನಿಂತಿದ್ದ, ಎಡಗೈಯಲ್ಲಿ ಗಾಳಿಯ ಗದ್ದ ಹಿಡಿದುಕೊಂಡು. ಲಾಯರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನ್ಯಾಯಾಧೀಶೆಯ ತುಟಿ ನಡುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. “ನಾವು ಯಾವ ಸಾಕ್ಷಿಯನ್ನೂ ಕರೆದಿಲ್ಲ. ಆ ಮಹನೀಯರು ದಯವಿಟ್ಟು ಹೊರಗೆ ಕಾಯಲಿ.”

ಹೊರಗಿನ ಕಾರಿಡಾರಿನಲ್ಲಿ ಅಪ್ಪ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದನೋ. ನನ್ನ ಹಾಳು ಬಾಯಿಯಿಂದ ಮಕ್ಕಳ ಅನ್ನಕ್ಕೆ ಕಲ್ಲು ಬಿತ್ತಲ್ಲ ಎಂದು ಹಣೆ ಚಚ್ಚಿಕೊಂಡ. ಒಳಗಿಂದ ಮಾತು, ಮೌನ, ಮತ್ತೆ ಮಾತು. ಆಮೇಲೆ ಚಪ್ಪಾಳೆ. ಯಾರಿಗೆ? ಬಾಗಿಲ ಸಂದಿಗೆ ಕಿವಿಯಿಟ್ಟ. ಅದೇ ಹೊತ್ತಿಗೆ ಬಾಗಿಲು ದಡಾರನೆ ತೆರೆದು ಮೂಗಿಗೆ ಬಡಿಯಿತು, ಮಗಳು ಮೈಮೇಲೆಯೇ ಬಿದ್ದಳು.

“ಗೆದ್ವಿ ಅಪ್ಪಾ! ಗೆದ್ವಿ! ಇಬ್ರಿಗೂ ಸೀಟು, ಇಬ್ರಿಗೂ ಐದು ವರ್ಷ!”

ಮೂಗು ಉರಿಯುತ್ತಿತ್ತು, ಕಣ್ಣಲ್ಲಿ ನೀರು. ಅದು ಬಾಗಿಲಿನದೋ ಸುದ್ದಿಯದೋ ಅವನಿಗೇ ಗೊತ್ತಾಗಲಿಲ್ಲ. ನ್ಯಾಯಾಧೀಶೆ ಹಾದುಹೋಗುವಾಗ ನಿಂತರು. “ಹೊರಗಿನ ಮಾತಿಗೆ ನಾವು ಅಂಕ ಕೊಡೋದೂ ಇಲ್ಲ, ಕಳೆಯೋದೂ ಇಲ್ಲ. ಆದ್ರೆ ಹಾಳೆಯಲ್ಲಿದ್ದಿದ್ದನ್ನು ಈ ಮಕ್ಕಳಷ್ಟು ಚೆನ್ನಾಗಿ ಯಾರೂ ಓದಿರಲಿಲ್ಲ,” ಎಂದರು. ಅವನು ನಾಲ್ಕು ಸಲ ನಮಸ್ಕಾರ ಮಾಡಿದ. ಈ ಸಲ ಜಾರಲಿಲ್ಲ.

ಮೇಡಂಗೆ ಮನೆ ಅಲ್ಲೇ ಹತ್ತಿರ. ಉಳಿದ ಮೂವರು ಬಸ್ಸು ಹತ್ತಿದರು. ಯೂನಿವರ್ಸಿಟಿ ಉದ್ದ ಲಕೋಟೆಯಲ್ಲಿ ಕೊಟ್ಟ ಸೀಟಿನ ಪತ್ರವನ್ನು ಮೊದಲು ಮಗಳು ಓದಿದಳು, ಆಮೇಲೆ ಪಿಸುಮಾತು, ಆಮೇಲೆ ಅಪ್ಪ, ಆಮೇಲೆ ಎದುರು ಸೀಟಿನ ಅಜ್ಜಿ. ಪಿಯುಸಿ ಪರೀಕ್ಷೆ ಪಾಸಾಗಿರಬೇಕು ಎಂಬ ಷರತ್ತು ಬಂದಾಗ ಅಜ್ಜಿ, “ಅದನ್ನ ಮರೀಬೇಡಿ ಮತ್ತೆ,” ಅಂದರು. ಅಷ್ಟಕ್ಕೇ ಮೂವರಿಗೂ ನಗು ಉಕ್ಕಿತು. ಮಗಳು ಟೈ ಹುಡುಗನನ್ನು ಅಣಕಿಸಿದಳು, ಅಪ್ಪ ಪೀಠವನ್ನು ಅಣಕಿಸಿದ, ನಗು ಹತೋಟಿ ತಪ್ಪಿತು.

“ಕೊನೇ ಸ್ಟಾಪು, ಇಳೀರಿ,” ಎಂದ ಕಂಡಕ್ಟರ್.

ನೋಡಿದರೆ ಡಿಪೋ. ಸಾಲಾಗಿ ನಿಂತ ಬಸ್ಸುಗಳಿಗೆ ಪೈಪಿನಿಂದ ನೀರು ಹೊಡೆಯುತ್ತಿದ್ದರು. ತಮ್ಮ ಸ್ಟಾಪು ಆರು ಸ್ಟಾಪು ಹಿಂದೆಯೇ ಹೋಗಿತ್ತು. ಮೂವರೂ ಹೊಟ್ಟೆ ಹಿಡಿದುಕೊಂಡು ಒದ್ದೆ ನೆಲದಲ್ಲೇ ಕುಕ್ಕರುಗಾಲಲ್ಲಿ ಕೂತರು. ಅಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ಹೆಂಡತಿ.

“ಎಲ್ಲಿದೀರಿ? ಮಧ್ಯಾಹ್ನದಿಂದ ಕಾದು ಕಾದು ಸಾಕಾಯ್ತು. ಗೆದ್ರೋ ಸೋತ್ರೋ ಅದನ್ನಾದ್ರೂ ಹೇಳ್ಬಾರ್ದಾ?”

ಮೂವರೂ ಮುಖ ಮುಖ ನೋಡಿಕೊಂಡರು. ಬಸ್ಸಿನವರಿಗೆಲ್ಲ ಹೇಳಿದ್ದರು, ಮನೆಗೆ ಹೇಳಿರಲಿಲ್ಲ! ಆಮೇಲೆ ಮೂವರೂ ಒಟ್ಟಿಗೇ ಫೋನಿಗೆ ಬಾಯಿ ಹಾಕಿದರು.

“ಏನೂ ಕೇಳಿಸ್ತಿಲ್ಲ, ಒಬ್ಬೊಬ್ರೇ ಮಾತಾಡ್ರೋ!” ಎಂದು ಆ ಕಡೆಯಿಂದ ಅವಳೂ ನಗತೊಡಗಿದಳು, ಏನಾಯಿತೆಂದು ಇನ್ನೂ ತಿಳಿಯದೆಯೇ.