ತಂಗಡಿಯ ಕಿವಿ

ಇವತ್ತು ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಕಪಾಟು ಸ್ವಚ್ಛ ಮಾಡಲು ಕುಳಿತಿದ್ದೆ. ನನಗೆ ಮೊದಲಿನಿಂದಲೂ ಅಚ್ಚುಕಟ್ಟಿನ ಹುಚ್ಚು. ಹಳೆಯದು, ಹರಿದದ್ದು ಕಣ್ಣಿಗೆ ಬಿದ್ದರೆ ಎತ್ತಿ ಒಗೆಯುವವರೆಗೆ ಕೈ ಸುಮ್ಮನಿರುವುದಿಲ್ಲ. ಕೆಳಗಿನ ಖಾನೆಯಲ್ಲಿ, ಸೀರೆಗಳ ಅಡಿಯಲ್ಲಿ, ಮೂರು ದೊಡ್ಡ ಪ್ಲಾಸ್ಟಿಕ್ ಕವರುಗಳು ಸಿಕ್ಕವು. ಹಳದಿಗಟ್ಟಿದ್ದವು. ಒಳಗೆ ಏನೂ ಇರಲಿಲ್ಲ. ಬಾಯಿ ತೆರೆದಾಗ ಮಾತ್ರ ಒಣಗಿದ ಎಲೆ ಮತ್ತು ನುಸಿಗುಳಿಗೆ ಕೂಡಿದ ಒಂದು ಮಂದ ವಾಸನೆ ಬಂತು...

ನನ್ನ ಗಂಡ ಬಾಗಿಲಲ್ಲಿ ನಿಂತು ನಕ್ಕರು. “ಮನ್ಯಾಗಿನ ಚಲೋ ಸಾಮಾನನೂ ಕಸಾ ಅಂತ ಒಗಿತಿ. ಈ ಖಾಲಿ ಕವರ್ ಯಾಕ ಜ್ವಾಪಾನ ಮಾಡೀದಿ?”

ನಾನು ಕವರುಗಳನ್ನು ತೊಡೆಯ ಮೇಲೆ ಹರಡಿಕೊಂಡೆ. ಕವರುಗಳ ಮೂಲೆಯಲ್ಲಿ ಗುಂಡುಸೂಜಿಯಿಂದ ಚುಚ್ಚಿದ ತೂತುಗಳಿವೆ. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಅವನ್ನು ಚುಚ್ಚಿದವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಆಗ ನಮ್ಮ ಮನೆ ಬ್ಯಾಡಗಿಯಲ್ಲಿತ್ತು. ಹಾವೇರಿಯ ಒಂದು ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸುವ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ವರ್ಷಕ್ಕೊಮ್ಮೆ ಹೊಸ ಆದೇಶ ಬಂದರೆ ಉಂಟು, ಇಲ್ಲದಿದ್ದರೆ ಮನೆ. ಕಾಕಾ ಅಲ್ಲಿಯ ಲ್ಯಾಬ್ ಅಟೆಂಡರ್. ಖಾಕಿ ಅಂಗಿ, ಕಿವಿಯ ಮೇಲೆ ಒಂದು ಪೆನ್ಸಿಲ್, ಸದಾ ಹಸಿರು ಕಲೆಯಾಗಿರುತ್ತಿದ್ದ ಉಗುರು. ಪ್ರಾಕ್ಟಿಕಲ್ ಇದ್ದ ದಿನ ತಮ್ಮ ಊರು ಅಗಡಿಯಿಂದ ಬರುವಾಗ ದಾರಿಬದಿಯ ಗಿಡಗಳನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವುದು ಅವರ ಕೆಲಸ. ಇಪ್ಪತ್ತು ವರ್ಷ ಅವನ್ನು ಸೈಕಲ್ಲಿನ ಮೇಲೆ ತಂದವರು, ನಾನು ಸೇರಿದ ವರ್ಷ ಬಸ್ಸಿನಲ್ಲಿ ಬರತೊಡಗಿದ್ದರು. ಮೊಳಕಾಲು ನೋವು ಎನ್ನುತ್ತಿದ್ದರು. ನಾನೂ ನಂಬಿದ್ದೆ.

ಮಳೆಗಾಲದಲ್ಲಿ ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಕರ್ಜಗಿಯ ಕಡೆ ಹೋದೆವು. ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಎಲ್ಲೆಲ್ಲೂ ಹಳದಿ ಹೂ. ಒಂದು ತಂಗಡಿ, ಪುಸ್ತಕದಲ್ಲಿ ಆವರಿಕೆ ಎಂದು ಬರೆಯುವ ಗಿಡ. ಇನ್ನೊಂದು ತಗಚಿ. ಮೂರನೆಯದು ದೊಡ್ಡ ತಗಚಿ. ಮೂರೂ ಒಂದೇ ಕುಲದವು. ದೂರದಿಂದ ನೋಡಿದರೆ ಎಲ್ಲವೂ ಒಂದೇ. ಹುಡುಗಿಯರು ಯಾವುದನ್ನು ಕಂಡರೂ ತಂಗಡಿ, ತಂಗಡಿ ಎಂದು ಕೂಗುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಆ ಮೂರರ ಭೇದ ಓದಿ ಗೊತ್ತಿತ್ತೇ ಹೊರತು ಬಯಲಲ್ಲಿ ಕಂಡು ಗೊತ್ತಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಕೆಮ್ಮುತ್ತ ಪುಸ್ತಕದ ಹಾಳೆ ತಿರುವುತ್ತಿದ್ದೆ.

ಕಾಕಾ ಮುಂದೆ ಬಂದರು. “ಹೂ ನೋಡಬ್ಯಾಡ್ರವಾ. ಮೂರೂ ಅಕ್ಕ-ತಂಗ್ಯಾರು, ಮಾರಿ ಒಂದ ಥರ ಇರತೈತಿ. ಕೈ ಹಿಡದು ನೋಡ್ರಿ, ಆವಾಗ ಗೊತ್ತಾಗತೈತಿ ಯಾರು ಯಾರಂತ.”

ತಂಗಡಿಯ ಒಂದು ಕೊಂಬೆಯನ್ನು ಹಿಡಿದು ಎಲೆಯ ತೊಟ್ಟು ಕೊಂಬೆಗೆ ಕೂಡುವ ಜಾಗಕ್ಕೆ ಹೆಬ್ಬೆರಳು ಇಟ್ಟರು. ಅಲ್ಲಿ ಎರಡು ದುಂಡನೆಯ ಕಿರುಎಲೆಗಳು ಕಾಂಡವನ್ನು ಅಪ್ಪಿಕೊಂಡಿದ್ದವು. ಅದನ್ನು ಅವರು ಕಿವಿ ಎನ್ನುತ್ತಿದ್ದರು. ತಂಗಡಿಗೆ ಮಾತ್ರ ಅಂಥ ಅಗಲ ಕಿವಿ. ಅದರ ಎಲೆಗೆ ಹತ್ತು ಹನ್ನೆರಡು ಜೋಡಿ ಸಣ್ಣ ದಳ, ಪ್ರತಿ ಜೋಡಿಯ ನಡುವೆ ಸಾಸಿವೆಗಿಂತ ಸಣ್ಣ ಒಂದು ಗಂಟು. ಕಾಯಿ ಚಪ್ಪಟೆ, ಕಾಗದದಷ್ಟು ತೆಳು. ತಗಚಿಗೆ ಮೂರೇ ಜೋಡಿ ದಳ, ತುದಿ ದುಂಡಗೆ; ಕಾಯಿ ಕಡ್ಡಿಯಂತೆ ಸಪೂರವಾಗಿ ಬಾಗಿರುತ್ತದೆ. ದೊಡ್ಡ ತಗಚಿಯ ದಳ ನಾಲ್ಕೈದು ಜೋಡಿ, ತುದಿ ಚೂಪು. ತೊಟ್ಟಿನ ಬುಡದಲ್ಲಿ ಒಂದೇ ಒಂದು ಗಂಟು. ಎಲೆ ತಿಕ್ಕಿದರೆ ಗಬ್ಬು ನಾತ. ಅದರ ಬೀಜ ಕೂಸುಗಳ ಹೊಟ್ಟೆಗೆ ಹೋಗಬಾರದೆಂದು ಎರಡೆರಡು ಸಲ ಹೇಳಿದರು. ಹೇಳುವಾಗೆಲ್ಲ ಅವರ ಮುಖ ಗಿಡದ ಕಡೆ ಇರಲಿಲ್ಲ, ಎದುರಿನ ಗುಡ್ಡದ ಕಡೆ ಇತ್ತು. ಬೆರಳು ಮಾತ್ರ ತಪ್ಪದೆ ಎಲೆಯಿಂದ ಗಂಟಿಗೆ, ಗಂಟಿನಿಂದ ಕಿವಿಗೆ ಹೋಗುತ್ತಿತ್ತು.

ಸಂಜೆ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ನಮ್ಮೆದುರಿಗೇ ಬಂದು ನಿಂತಿತು. ಕಾಕಾ ಮೆಲ್ಲಗೆ ಕೇಳಿದರು, “ಬೋರ್ಡ್ ಏನೈತ್ರಿ ಮೇಡಂ?” ಹಾವೇರಿ ಎಂದು ಮೊಳದುದ್ದ ಅಕ್ಷರದಲ್ಲಿ ಬರೆದಿತ್ತು. ಅವರಿಗೆ ಓದು ಬರುತ್ತಿತ್ತು, ದಿನಾ ಲ್ಯಾಬಿನಲ್ಲಿ ಪೇಪರು ಹರಡಿಕೊಂಡು ಕೂರುತ್ತಿದ್ದರು. ಆ ಪೇಪರನ್ನು ಅವರು ಬಹಳ ದಿನದಿಂದ ಬರೀ ಹರಡಿಕೊಂಡು ಕೂರುತ್ತಿದ್ದರೆಂದು ನನಗೆ ಆ ಕ್ಷಣಕ್ಕೆ ಹೊಳೆಯಿತು.

ಮರುದಿನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಇನ್ನು ಔಷಧ ನಾಟುವುದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರಂತೆ. ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು.

“ಯಾರ ಮುಂದೂ ಹೇಳಬ್ಯಾಡ್ರಿ,” ಎಂದರು. “ಮನ್ಯಾಗ ಕುಂತ್ರ ನಾ ಕುರುಡ. ಇಲ್ಲಿ ನಾ ಅಟೆಂಡರ್.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಅಕ್ಷರಶಃ ಉಳಿಸಿಕೊಂಡೆ. ಯಾರ ಮುಂದೂ ಹೇಳಲಿಲ್ಲ... ಬಾಯಿ ಬಿಡಬೇಕಾದ ದಿನವೂ ಬಿಡಲಿಲ್ಲ.

ಅಲ್ಲಿಂದ ಮುಂದೆ ನಾನು ಅವರ ಕೆಲಸವನ್ನು ಕದ್ದು ಗಮನಿಸತೊಡಗಿದೆ. ಬಾಟಲಿಗಳನ್ನು ಎತ್ತರದ ಮೇಲೆ ಗುರುತಿಸುತ್ತಿದ್ದರು, ರಸಾಯನಗಳನ್ನು ಮೂಗಿನಿಂದ. ಒಂದು ಸ್ಟೂಲು ಜಾಗ ತಪ್ಪಿದರೂ ರೇಗುತ್ತಿದ್ದರು. ಒಣಗಿದ ಕೊಂಬೆಗಳನ್ನು ದಪ್ಪ ಹಾಳೆಗೆ ಹೊಲಿದು ಇಟ್ಟ ಕಟ್ಟು ಒಂದಿತ್ತು. ಅದನ್ನು ಬಿಚ್ಚಿ ಎಲೆಯ ಮೇಲೆ ಬೆರಳು ಆಡಿಸಿ, ಇದು ಇಂಥದು ಎಂದು ಹೇಳಿಬಿಡುತ್ತಿದ್ದರು. ನನಗೆ ಅವರ ಮೇಲೆ ಅಕ್ಕರೆ ಬೆಳೆಯಿತು. ಅಪ್ಪನಿಲ್ಲದ ನನಗೆ ಅವರು ಮಧ್ಯಾಹ್ನದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುವುದು ಹಿತವಾಗುತ್ತಿತ್ತು.

ಜನವರಿಯಲ್ಲಿ ಆ ಹಾಳೆಗಳಿಗೆ ಹುಳು ಬಿತ್ತು. ನನ್ನ ಅಚ್ಚುಕಟ್ಟಿನ ಹುಚ್ಚು ಎದ್ದಿತು. ನುಸಿಗುಳಿಗೆ ಹಾಕಿ, ಪ್ರತಿಯೊಂದು ಹಾಳೆಗೂ ದಪ್ಪ ಪ್ಲಾಸ್ಟಿಕ್ ಕವರು ತರಿಸಿದೆ. ಕಾಕಾ ಒಂದು ಕವರನ್ನು ಮುಟ್ಟಿ ನೋಡಿ, “ಪ್ಲಾಸ್ಟಿಕ್ ಯಾಕ್ರಿ, ಗಿಡಕ್ಕ ಉಸರಗಟ್ಟತೈತಿ,” ಎಂದರು. ಒಣಗಿದ ಗಿಡಕ್ಕೆ ಎಂಥ ಉಸಿರು ಕಾಕಾ ಎಂದು ನಾನು ತಮಾಷೆ ಮಾಡಿದೆ. ಅವರೂ ನಕ್ಕರು. ಅವರ ಬೆರಳಿಗೂ ಗಿಡಕ್ಕೂ ನಡುವೆ ನಾನು ಗೋಡೆ ಕಟ್ಟುತ್ತಿದ್ದೇನೆಂದು ಗುಟ್ಟು ತಿಳಿದಿದ್ದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎಕ್ಕೆ ಗಿಡದಂಥ ದಪ್ಪ ಎಲೆಗಳನ್ನು ಅವರು ಕವರಿನ ಮೇಲಿಂದಲೂ ಗುರುತು ಹಿಡಿಯುತ್ತಿದ್ದರು. ತಂಗಡಿ ಮತ್ತು ಅದರ ತಂಗಿಯರು ಮಾತ್ರ ಒಳಗೆ ಹೋದ ಮೇಲೆ ಒಂದೇ ಆಗಿಬಿಟ್ಟರು. ಕಾಯಿ ಇದ್ದರೆ ಪರೀಕ್ಷೆ ಸುಲಭವಾಗುತ್ತದೆಂದು ಕಾಯಿಲ್ಲದ ಕೊಂಬೆಗಳನ್ನೇ ನಾವು ಒಣಗಿಸಿದ್ದೆವು. ಒತ್ತಿದಾಗ ತಂಗಡಿಯ ಕಿವಿಯೂ ಕೊಂಬೆಗೆ ಅಂಟಿ ಹೋಗಿತ್ತು.

ಪ್ರಾಕ್ಟಿಕಲ್ ಪರೀಕ್ಷೆ ಏಪ್ರಿಲ್‌ನಲ್ಲಿ ಬಂತು. ಬಿಸಿಲಿಗೆ ತಗಚಿ, ದೊಡ್ಡ ತಗಚಿ ಎರಡೂ ಒಣಗಿ ಹೋಗುತ್ತವೆ, ಹಸಿ ಕೊಂಬೆ ತರುವ ಮಾತೇ ಇಲ್ಲ. ಹಾಳೆಗಳನ್ನೇ ಇಡಬೇಕಿತ್ತು. ಹೆಸರಿನ ಚೀಟಿಯನ್ನು ಕಾಗದ ಅಂಟಿಸಿ ಮುಚ್ಚಿ, ಹಾಳೆಗಳಿಗೆ ನಂಬರು ಕೊಟ್ಟು ಮೇಜಿನ ಮೇಲೆ ಸಾಲಾಗಿ ಇಡುವುದು ಪದ್ಧತಿ. ಯಾವ ನಂಬರಿಗೆ ಯಾವ ಗಿಡ ಎಂದು ನಾನು ಹೇಳಿದ್ದೆ. ಇಡುವವರು ಎಂದಿನಂತೆ ಕಾಕಾ.

ಹಿಂದಿನ ದಿನ ಮಧ್ಯಾಹ್ನ, ಅವರು ಮೇಜು ಒರೆಸಲು ನೀರು ತರಲು ಹೋಗಿದ್ದಾಗ, ನಾನು ಕಟ್ಟನ್ನು ಬಿಚ್ಚಿ ನೋಡಿದೆ. ಮೂರು ಕವರುಗಳ ಮೂಲೆಗೆ ತೂತು ಬಿದ್ದಿದ್ದವು. ಹೊರಗಿನ ಪರೀಕ್ಷಕರು ಬರುತ್ತಾರೆ, ಹರಕು ಕವರು ಕಂಡರೆ ಏನೆಂದುಕೊಂಡಾರು? ಮೂರೂ ಹಾಳೆ ಹೊರತೆಗೆದು ಹೊಸ ಕವರಿಗೆ ಹಾಕಿ, ಬಾಯಿಗೆ ಟೇಪು ಅಂಟಿಸಿ, ಹಳೆಯವನ್ನು ಕಸದ ಡಬ್ಬಿಗೆ ಎಸೆದೆ. ಹಾಳೆಗಳನ್ನು ಮತ್ತೆ ಕಟ್ಟುವಾಗ ಅವು ಮೊದಲಿನ ಸಾಲಿನಲ್ಲೇ ಇದ್ದವೇ ಎಂದು ನೋಡಲಿಲ್ಲ. ಕೆಲಸ ಚೊಕ್ಕವಾಯಿತೆಂದು ಖುಷಿಯಿಂದ ಬ್ಯಾಡಗಿಯ ಬಸ್ಸು ಹತ್ತಿದೆ.

ಮರುದಿನ ಪರೀಕ್ಷಕರನ್ನು ಕರೆತರಲು ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮಕ್ಕಳು ಬಾಗಿಲಲ್ಲಿ ನಿಂತಿದ್ದರು, ಹಾಳೆಗಳು ಮೇಜಿನ ಮೇಲಿದ್ದವು. ಒಂದು ಸಲ ಸುತ್ತು ಹಾಕಿ ನೋಡಬೇಕಾದ್ದು ನನ್ನ ಕೆಲಸ. ತಡವಾಗಿದೆಯೆಂದು ನೋಡಲಿಲ್ಲ. ಅರ್ಧ ಗಂಟೆಯಲ್ಲಿ ಪರೀಕ್ಷಕರು ಉತ್ತರಗಳನ್ನು ನಮ್ಮ ಪಟ್ಟಿಗೆ ಹೋಲಿಸಿ ತಲೆ ಎತ್ತಿದರು. ಆ ಮೂರು ನಂಬರಿಗೆ ಎಲ್ಲ ಮಕ್ಕಳ ಉತ್ತರವೂ ಪಟ್ಟಿಗಿಂತ ಬೇರೆ. ಮಕ್ಕಳು ಸರಿಯಿದ್ದರು, ಹಾಳೆಗಳು ಅದಲುಬದಲಾಗಿದ್ದವು.

ಪರೀಕ್ಷಕರು ಕಾಕಾ ಅವರನ್ನು ಕರೆದು, ಸಿಟ್ಟಿಲ್ಲದೆ, “ಇದರಾಗ ತಂಗಡಿ ಯಾವುದು ತೋರಸ್ರಿ,” ಎಂದರು.

ಕಾಕಾ ಮೇಜಿನ ಹತ್ತಿರ ಬಂದರು. ಮೊದಲು ಕವರಿನ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಒಂದನ್ನು, ಇನ್ನೊಂದನ್ನು, ಮತ್ತೊಂದನ್ನು. ಆಮೇಲೆ ನುಣ್ಣನೆಯ ಪ್ಲಾಸ್ಟಿಕ್ಕಿನ ಮೇಲೆ ಅಂಗೈ ಆಡಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಬೇಗನೆ ನಿಲ್ಲಿಸಿದರು. ಒಬ್ಬ ಹುಡುಗಿ ತಡೆಯಲಾರದೆ, “ಕಾಕಾ, ಎಡಗಡೆದು,” ಎಂದು ಪಿಸುಗುಟ್ಟಿದಳು. ಅವರ ಕೈ ಅಲ್ಲಿಯೇ ನಿಂತಿತು. ಎಡಕ್ಕೆ ಹೋಗಲಿಲ್ಲ. ಇಡೀ ಲ್ಯಾಬಿಗೆ ಎಲ್ಲವೂ ತಿಳಿದುಹೋಗಿತ್ತು...

ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಹೋಗುವಾಗ ವರಾಂಡದಲ್ಲಿ ಕಾಕಾ ಕೇಳಿದರು, “ಕವರ್ ಬದಲಿ ಮಾಡಿದ್ರೇನ್ರಿ?”

“ಹೌದು ಕಾಕಾ. ತೂತು ಬಿದ್ದಿದ್ವಲ್ಲ...”

“ನಾನ ಚುಚ್ಚಿದ್ದೆ ರೀ. ಗುರ್ತಿಗೆ.” ಗೋಡೆ ಹಿಡಿದು ನಡೆಯುತ್ತಲೇ ಹೇಳಿದರು, “ಮುಂಜಾನೆ ಕೈಗೆ ಸಿಗಲಿಲ್ಲ. ನಿಮ್ಮನ್ನ ಹುಡುಕಿದೆ, ನೀವು ಸ್ಟ್ಯಾಂಡಿಗೆ ಹೋಗಿದ್ರಿ. ಮೊದಲಿನ ಸಾಲಿನ್ಯಾಗ ಇರತಾವ ಅಂತ ಹಂಗ ಹಚ್ಚಿದೆ.”

ಕೋಣೆಯೊಳಗೆ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ನೋಡಿ, ಇದನ್ನು ಇಟ್ಟವರು ಯಾರು ಎಂದು ಕೇಳಿದರು. ನನ್ನ ಮುಂದಿನ ವರ್ಷದ ಆದೇಶ ಆ ತಿಂಗಳೇ ಅವರ ಸಹಿಗೆ ಹೋಗಬೇಕಿತ್ತು. ಕವರು ಬದಲಿಸಿದವಳು ನಾನು, ಪರೀಕ್ಷಿಸದೆ ಬಿಟ್ಟವಳೂ ನಾನೇ. ಇಷ್ಟು ಹೇಳಲು ಒಂದು ಉಸಿರು ಸಾಕಿತ್ತು. ನನ್ನ ನಾಲಿಗೆ ಏಳಲಿಲ್ಲ. ಹೆದರಿದ್ದೆ. ಹೆದರಿದ್ದೆ ಎನ್ನುವುದಕ್ಕಿಂತ, ನಾನು ಬಚಾವಾಗಬಹುದು ಎಂದು ಲೆಕ್ಕ ಹಾಕಿದ್ದೆ ಎನ್ನುವುದೇ ಖರೆ.

“ನಾನ ರೀ ಸರ್,” ಎಂದರು ಕಾಕಾ. ಕವರಿನ ಮಾತು ಎತ್ತಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ.

ಆ ವಾರವೇ ಅವರನ್ನು ಮನೆಗೆ ಕಳಿಸಿದರು. ಬಾಕಿ ಇದ್ದ ಸೇವೆ ಉಳಿದೇ ಹೋಯಿತು. ಹೋಗುವ ದಿನ ಲ್ಯಾಬಿನ ಬೀಗದ ಕೈಯನ್ನು ನನ್ನ ಅಂಗೈಗೆ ಇಟ್ಟು, ಮೂರನೇ ಸ್ಟೂಲಿನ ಕಾಲು ಸಡಿಲ ಇದೆ, ಮಕ್ಕಳು ಬಿದ್ದಾರು ಎಂದು ಎಚ್ಚರಿಸಿದರು. ನನಗೆ ಹೊಸ ಆದೇಶ ಬಂತು. ಪರೀಕ್ಷೆಯ ದಿನ ಸಂಜೆಯೇ ಕಸದ ಡಬ್ಬಿಯನ್ನು ಬಗ್ಗಿಸಿ ಹಳೆಯ ಕವರುಗಳನ್ನು ಆರಿಸಿಟ್ಟುಕೊಂಡಿದ್ದೆ.

ಅವರನ್ನು ನೋಡಲು ಹೋಗಲು ನನಗೆ ಒಂದು ವರ್ಷ ಬೇಕಾಯಿತು. ಮಳೆ ಹಿಡಿದಾಗ, ಕರ್ಜಗಿ ರಸ್ತೆಯಿಂದ ಮೂರೂ ಗಿಡದ ಹಸಿ ಕೊಂಬೆ ಕಿತ್ತು, ಅವರಂತೆಯೇ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅಗಡಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ಖಾಕಿ ಅಂಗಿ ಇರಲಿಲ್ಲ. ಉಗುರುಗಳು ಬೆಳ್ಳಗಿದ್ದವು. ಅವರ ಸೊಸೆ ನನಗೆ ಚಹಾ ತಂದಿಟ್ಟು, ಇವರು ಈಗ ದಿನಾ ಹಿಂಗ ಕುಂದರತಾರ್ರಿ, ಎದ್ದು ಅಂಗಳಕ್ಕೂ ಇಳಿಯಂಗಿಲ್ಲ ಎಂದಳು.

ಕೊಂಬೆಗಳನ್ನು ಅವರ ಮುಂದೆ ಬಿಚ್ಚಿದೆ. ದೊಡ್ಡ ತಗಚಿಯ ನಾತ ಕಟ್ಟೆಯ ತುಂಬ ಹರಡಿತು. ಅವರ ಮೂಗಿನ ಹೊಳ್ಳೆ ಅರಳಿದ್ದನ್ನು ಕಂಡೆ. ಯಾವುದು ಹೇಳಿ ನೋಡೋಣ ಕಾಕಾ ಎಂದೆ. ಎರಡೂ ಕೈಗಳು ತೊಡೆಯ ಮೇಲೆ ಹಾಗೆಯೇ ಇದ್ದವು.

“ಬ್ಯಾಡ್ರಿ ಮೇಡಂ,” ಎಂದರು. “ಈಗ್ಯಾಕ.”

ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆ ಸುಮ್ಮನೆ ಮಲಗಿದ ಕೈಗಳನ್ನು ಕಂಡ ಮೇಲೆ ಅದೂ ಆಗಲಿಲ್ಲ. ಚಹಾ ಕುಡಿದು ಎದ್ದೆ. ಮರುವರ್ಷ ಹಾವೇರಿಯ ಬಸ್ಸಿನಲ್ಲಿ ಅಗಡಿಯವರೊಬ್ಬರು ಪಕ್ಕದಲ್ಲಿ ಕುಳಿತಿದ್ದರು. ಮಾತಿನ ನಡುವೆ, ಕಾಕಾ ತೀರಿ ಆರು ತಿಂಗಳಾಯಿತು ಎಂದರು.

ಈಗ ಕವರುಗಳು ನನ್ನ ತೊಡೆಯ ಮೇಲಿವೆ. ನನ್ನ ಗಂಡ ಇನ್ನೂ ಉತ್ತರಕ್ಕೆ ಕಾಯುತ್ತ ನಿಂತಿದ್ದಾರೆ. ಕಣ್ಣು ಮುಚ್ಚಿ ಮೂಲೆಗಳನ್ನು ಹೆಬ್ಬೆರಳಿನಿಂದ ಸವರುತ್ತೇನೆ. ಒಂದು ತೂತು. ಎರಡು. ಮೂರು. ಮೂರು ತೂತು ತಗಚಿಗೋ, ಮೂರು ಜೋಡಿ ಎಲೆ ಎಂದು? ಒಂದು ತೂತು ದೊಡ್ಡ ತಗಚಿಗೋ, ಬುಡದ ಒಂದು ಗಂಟಿಗೆ? ಎರಡು ತೂತು ತಂಗಡಿಯ ಎರಡು ಕಿವಿಗೋ? ಹಾಗಿರಬಹುದು, ಹಾಗೆ ಇಲ್ಲದೆಯೂ ಇರಬಹುದು. ಆ ದಿನ ಕಟ್ಟೆಯ ಮೇಲೆ ಕೇಳಿದ್ದರೆ ಹೇಳುತ್ತಿದ್ದರೇನೋ... ನಾನು ಅದನ್ನೂ ಕೇಳಲಿಲ್ಲ.

“ಇರಲಿ ಬಿಡ್ರಿ,” ಎಂದು ಗಂಡನಿಗೆ ಹೇಳಿ, ಕವರುಗಳನ್ನು ಮತ್ತೆ ಸೀರೆಗಳ ಅಡಿಗೆ ಸರಿಸುತ್ತೇನೆ.